ಗೊತ್ತಿದೆ, ಆದರೆ ಹೇಳೋಕೆ ಬರಲ್ಲ

ಹೋದ ತಿಂಗಳು ಇದೇ ಪುಟದಲ್ಲಿ, ಕೆಲಸ ಮುಗಿದ ಮೇಲೆ ದಿನಾ ಹತ್ತು ನಿಮಿಷ ಬರೆಯುವ ಅಭ್ಯಾಸದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಹೆಸರು ಬೇಡ ಅಂದವರೇ ಜಾಸ್ತಿ, ಆದ್ದರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮಾರತಹಳ್ಳಿ ಹತ್ತಿರ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಆರು ವರ್ಷ ಆಯಿತು. ಕೆಲಸ ಚೆನ್ನಾಗಿ ಗೊತ್ತಿದೆ, ಆದರೆ ಹೇಳೋಕೆ ಬರಲ್ಲ. ಮೀಟಿಂಗ್‌ನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಎಲ್ಲಾ ಕಲಸುಮೇಲೋಗರ ಆಗಿಬಿಡುತ್ತದೆ. ಎರಡು ವರ್ಷದಿಂದ ಅಪ್ರೈಸಲ್‌ನಲ್ಲಿ ಒಂದೇ ಮಾತು, 'ಕ್ಲಾರಿಟಿ ಸಾಲದು' ಅಂತ. ಬರೆಯಿರಿ ಅಂದಿದ್ದೀರಿ. ಏನು ಬರೆಯಬೇಕು? ಇಂಗ್ಲಿಷ್‌ನಲ್ಲಾ, ಕನ್ನಡದಲ್ಲಾ? ನಾನು ಹಾಸನದವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ.

ಉತ್ತರ: ಪತ್ರ ಓದಿ ಬೇಜಾರೂ ಆಯಿತು, ಸಮಾಧಾನವೂ ಆಯಿತು. ಆರು ವರ್ಷ ಕಷ್ಟಪಟ್ಟು ಕಲಿತವರು ಎರಡು ವರ್ಷ ಒಂದೇ ದೂರು ಕೇಳಬೇಕಾಯಿತಲ್ಲ ಅಂತ ಬೇಜಾರು. ಇದು ಸರಿಹೋಗುವಂಥದ್ದು ಅನ್ನೋದು ಸಮಾಧಾನ.

'ಗೊತ್ತಿದೆ, ಹೇಳೋಕೆ ಬರಲ್ಲ' ಅನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಹೆಚ್ಚಿನ ಸಲ ಅದರ ಅರ್ಥ ಇಷ್ಟು: ಮುಕ್ಕಾಲು ಪಾಲು ಗೊತ್ತಿದೆ, ಕಾಲು ಪಾಲು ಗೊತ್ತಿಲ್ಲ, ಆ ಕಾಲು ಪಾಲು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ತಲೆಯೊಳಗೆ ಇರುವ ತನಕ ಎಲ್ಲಾ ತುಂಬಿದ ಹಾಗೇ ಕಾಣುತ್ತದೆ. ನಮ್ಮ ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದೇ ಮೂರು ನಾಲ್ಕು ಸಂಗತಿ. ನೆಲ್ಸನ್ ಕೋವನ್ ಎಂಬ ಮನೋವಿಜ್ಞಾನಿ 2001ರ ತಮ್ಮ ಪ್ರಬಂಧದಲ್ಲಿ ಕೊಟ್ಟ ಲೆಕ್ಕವೂ ಸುಮಾರು ನಾಲ್ಕೇ. ನಿಮ್ಮ ಕೆಲಸದಲ್ಲಿ ಒಂದು ಬಗ್ (ಸಾಫ್ಟ್‌ವೇರಿನ ದೋಷ) ಅಂದರೆ ಎಷ್ಟು ಸಂಗತಿ ನೋಡಿ. ಯಾವ ಫೋನು, ಯಾವ ವರ್ಷನ್, ಎಲ್ಲಿ ಒತ್ತಿದೆ, ಏನಾಗಬೇಕಿತ್ತು, ಏನಾಯಿತು, ಎಷ್ಟು ಸಲ ಆಯಿತು. ಆಗಲೇ ಆರಾಯಿತು. ಸಾಲದ್ದಕ್ಕೆ ಹತ್ತು ಜನ ನಿಮ್ಮ ಮುಖವನ್ನೇ ನೋಡುತ್ತಾ ಕೂತಿರುತ್ತಾರೆ. ಕಲಸಿಹೋಗದೆ ಇನ್ನೇನಾಗುತ್ತದೆ? ಕಾಗದಕ್ಕೆ ಇಳಿಸಿದರೆ, ಹಿಡಿದುಕೊಂಡಿರುವ ಕೆಲಸ ಕಾಗದದ್ದು, ಯೋಚನೆ ಮಾಡುವ ಕೆಲಸ ಮಾತ್ರ ನಿಮ್ಮದು.

ಒಂದು ಉದಾಹರಣೆ ಕೊಡುತ್ತೇನೆ. ದಿನದ ಕೊನೆಗೆ ನೀವು ಹೀಗೆ ಬರೆದಿರಿ ಅಂದುಕೊಳ್ಳಿ: 'ಪೇಮೆಂಟ್ ಸ್ಕ್ರೀನ್‌ನಲ್ಲಿ ಸ್ವಲ್ಪ ಪ್ರಾಬ್ಲಂ ಇದೆ.' ಮೀಟಿಂಗ್‌ನಲ್ಲಿ ಬಾಯಿಗೆ ಬರುವುದೂ ಇದೇ ವಾಕ್ಯ. ಈಗ ಅದರ ಮುಂದೆ ಕೂತು ನಿಮಗೆ ನೀವೇ ಕೇಳಿಕೊಳ್ಳಿ. ಸ್ವಲ್ಪ ಅಂದರೆ ಎಷ್ಟು? ಪ್ರಾಬ್ಲಂ ಅಂದರೆ ಏನು? ಆಗ ಎರಡನೇ ಸಲ ಬರೆಯುತ್ತೀರಿ: 'ಯುಪಿಐನಲ್ಲಿ ಹಣ ಕಟ್ಟಿ, ವಾಪಸ್ ಬರುವ ಮೊದಲೇ ಆ್ಯಪ್ ಮುಚ್ಚಿದರೆ ದುಡ್ಡು ಹೋಗುತ್ತದೆ, ಆರ್ಡರ್ ಆಗುವುದಿಲ್ಲ. 10 ಸಲ ಮಾಡಿದೆ, 3 ಸಲ ಹೀಗಾಯಿತು. ಮೂರೂ ಸಲ ಮೊಬೈಲ್ ಡೇಟಾದಲ್ಲಿ.' ಇಲ್ಲಿ ಪೆನ್ನು ನಿಲ್ಲುತ್ತದೆ. ಯಾಕೆಂದರೆ ವೈಫೈನಲ್ಲಿ ನೀವು ನೋಡಿಯೇ ಇಲ್ಲ. ಆ ಕಾಲು ಪಾಲು ಸಿಕ್ಕಿದ್ದು ಇಲ್ಲೇ. ನಾಳೆ ಬೆಳಿಗ್ಗೆ ಹೋಗಿ ವೈಫೈನಲ್ಲಿ 10 ಸಲ ನೋಡುತ್ತೀರಿ, 11 ಗಂಟೆಯ ಮೀಟಿಂಗ್‌ನಲ್ಲಿ ಯಾರೇ ಕೇಳಿದರೂ ಉತ್ತರ ಇರುತ್ತದೆ. ನಿಮ್ಮ ಮಾತಿನ ಕಲೆ ರಾತ್ರೋರಾತ್ರಿ ಬೆಳೆಯಲಿಲ್ಲ. ಹೇಳಬೇಕಾದ ವಿಷಯ ಪೂರ್ತಿಯಾಯಿತು, ಅಷ್ಟೇ.

ಅಮೆಜಾನ್ ಕಂಪನಿಯಲ್ಲಿ 2004ರಲ್ಲಿ ಜೆಫ್ ಬೆಜೋಸ್ ದೊಡ್ಡ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆಸಿ, ಪೂರ್ತಿ ವಾಕ್ಯಗಳಲ್ಲಿ ಬರೆದ ಟಿಪ್ಪಣಿ ತರಲು ಹೇಳಿದರು. ಆರು ಪುಟಕ್ಕೆ ಮೀರದ ಆ ಟಿಪ್ಪಣಿಯನ್ನು ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಸುಮ್ಮನೆ ಕೂತು ಓದುವ ಪದ್ಧತಿ ಅಲ್ಲಿ ಬೆಳೆಯಿತು. ಸ್ಲೈಡಿನ ಮೇಲೆ ನಾಲ್ಕು ಚುಕ್ಕೆ ಇಟ್ಟು ನಾಲ್ಕು ತುಂಡು ಮಾತು ಬರೆದರೆ ಒಂದಕ್ಕೊಂದು ಏನು ಸಂಬಂಧ ಅಂತ ಹೇಳದೆಯೇ ಪಾರಾಗಬಹುದು. ವಾಕ್ಯ ಬರೆದರೆ 'ಆದ್ದರಿಂದ', 'ಆದರೆ', 'ಯಾಕೆಂದರೆ' ಅಂತ ಹಾಕಲೇಬೇಕು. ಆ ಮೂರು ಪದ ಹಾಕುವ ಜಾಗದಲ್ಲೇ ನಮ್ಮ ಯೋಚನೆ ಗಟ್ಟಿಯೋ ಟೊಳ್ಳೋ ಗೊತ್ತಾಗೋದು. ನನ್ನ ಮಟ್ಟಿಗೆ 'ಯಾಕೆಂದರೆ' ತುಂಬಾ ಮುಖ್ಯ. ದಿನಕ್ಕೆ ಒಂದಾದರೂ 'ಯಾಕೆಂದರೆ' ಬರೆಯಿರಿ.

ಏನು ಬರೆಯಬೇಕು ಅಂದಿರಿ. ಇವತ್ತು ನಾನು ಏನನ್ನು ತೀರ್ಮಾನ ಮಾಡಿದೆ, ಯಾಕೆ ಮಾಡಿದೆ, ಅದರಿಂದ ಏನಾಗುತ್ತದೆ ಅಂತ ಅಂದುಕೊಂಡಿದ್ದೇನೆ. ಇಷ್ಟು ಸಾಕು. ಬೆಳಿಗ್ಗೆ ಎದ್ದೆ, ಸಿಲ್ಕ್ ಬೋರ್ಡ್‌ನಲ್ಲಿ 40 ನಿಮಿಷ ನಿಂತೆ, ಕಾಫಿ ಕುಡಿದೆ ಅನ್ನೋದೆಲ್ಲಾ ಬೇಡ. ಏನಾಗುತ್ತದೆ ಅಂದುಕೊಂಡಿದ್ದೀರೋ ಅದನ್ನು ಮರೆಯದೆ ಬರೆಯಿರಿ. ಮೂರು ತಿಂಗಳಾದ ಮೇಲೆ ತಿರುಗಿಸಿ ನೋಡಿದಾಗ ನಿಮ್ಮ ಅಂದಾಜು ಎಲ್ಲಿ ಸರಿ ಬರುತ್ತದೆ, ಎಲ್ಲಿ ತಪ್ಪುತ್ತದೆ ಅಂತ ಕಾಣುತ್ತದೆ. ಅದನ್ನು ಯಾವ ಮ್ಯಾನೇಜರೂ ನಿಮಗೆ ಹೇಳಿಕೊಡಲಾರರು.

ಭಾಷೆ ಯಾವುದಾದರೂ ಸರಿ, ನೀವು ಯಾವುದರಲ್ಲಿ ಯೋಚಿಸುತ್ತೀರೋ ಅದು. 'ಬಿಲ್ಡ್ ಫೇಲ್ ಆಯ್ತು, ಯಾಕೆ ಅಂದ್ರೆ ಕಾನ್ಫಿಗ್ ಫೈಲ್ ಹಳೇದು' ಅಂತ ಬರೆದರೆ ಯಾವ ಕನ್ನಡ ಮೇಷ್ಟ್ರೂ ಬಂದು ಕೆಂಪು ಇಂಕಿನಲ್ಲಿ ತಿದ್ದುವುದಿಲ್ಲ. ನೀವು ಮೀಟಿಂಗ್‌ನಲ್ಲಿ ತಡವರಿಸುವುದಕ್ಕೆ ಇಂಗ್ಲಿಷ್ ಕಾರಣ ಅಂತ ನೀವು ಅಂದುಕೊಂಡಿರುವ ಹಾಗಿದೆ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಕನ್ನಡದಲ್ಲಿ ವಿಷಯ ನೆಟ್ಟಗಾಗಲಿ. ನೆಟ್ಟಗಾದ ವಿಷಯಕ್ಕೆ ಸಣ್ಣ ಇಂಗ್ಲಿಷ್ ವಾಕ್ಯ ಸಾಕಾಗುತ್ತದೆ.

ಪ್ರಶ್ನೆ: ನಮಸ್ಕಾರ ಮೇಡಂ. ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಷೀನ್) ಶಾಪ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಡಿಪ್ಲೊಮಾ ಮಾಡಿದ್ದೇನೆ, ವಯಸ್ಸು 41. ನಮ್ಮದು ಕೈಕೆಲಸ. ಬರೆಯೋದು ಎಸಿ ರೂಮಿನಲ್ಲಿ ಕೂರುವವರಿಗೆ ಸರಿ, ನಮಗ್ಯಾಕೆ? ಶಿಫ್ಟ್ ರಿಜಿಸ್ಟರ್ ಹೇಗೂ ಬರೆಯುತ್ತೇವೆ. ನನ್ನ ಚಿಂತೆ ಬೇರೆ. ಪ್ರೊಡಕ್ಷನ್ ಮ್ಯಾನೇಜರ್ ಜಾಗ ಖಾಲಿಯಾಗುತ್ತಿದೆ, ಮಾಲೀಕರು ಹೊರಗಿನಿಂದ ಬಿಇ ಆದವರನ್ನು ತರುವ ಯೋಚನೆಯಲ್ಲಿದ್ದಾರೆ. 18 ವರ್ಷ ದುಡಿದಿದ್ದಕ್ಕೆ ಬೆಲೆ ಇಲ್ವಾ?

ಉತ್ತರ: ನಾನು ಕೆಲಸ ಶುರು ಮಾಡಿದ್ದೇ ಪೀಣ್ಯದಲ್ಲಿ. ಕ್ವಾಲಿಟಿ ಇನ್‌ಸ್ಪೆಕ್ಷನ್‌ನಲ್ಲಿದ್ದೆ. ಹಾಗಾಗಿ ನಿಮಗೆ ನನ್ನ ಕಥೆಯನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ನಮ್ಮಲ್ಲಿ ಒಂದು ಹೌಸಿಂಗ್, ಅಂದರೆ ಬೇರೆ ಭಾಗ ಕೂರಿಸುವ ಲೋಹದ ಕವಚ, ಬರುತ್ತಿತ್ತು. ಅದರ ಬೋರ್ (ಒಳಗಿನ ತೂತು) 40 ಮಿಲಿಮೀಟರ್, ಎಚ್7. ಅಂದರೆ ಅಳತೆಯ ವ್ಯತ್ಯಾಸ 25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಒಳಗೆ ಬರಬೇಕು, ನಿಮಗೆ ವಿವರಿಸಬೇಕಾಗಿಲ್ಲ. ವಾರಕ್ಕೆ ಒಂದಷ್ಟು ಪೀಸು ರಿಜೆಕ್ಟ್ ಆಗುತ್ತಿದ್ದವು. ತಿಂಗಳುಗಟ್ಟಲೆ ಬೈಸಿಕೊಂಡಿದ್ದು ಫಸ್ಟ್ ಶಿಫ್ಟ್ ಆಪರೇಟರ್. ಅವರು ಒಂದೇ ಮಾತು ಹೇಳುತ್ತಿದ್ದರು, 'ಬೆಳಿಗ್ಗೆ ಮಷೀನ್ ಮಾತು ಕೇಳಲ್ಲ ಮೇಡಂ.' ಎಲ್ಲರೂ ಕೇಳಿಸಿಕೊಂಡೆವು, ಯಾರೂ ಬರೆದುಕೊಳ್ಳಲಿಲ್ಲ. ನಾನೂ ಬರೆದುಕೊಳ್ಳಲಿಲ್ಲ. ರಿಜಿಸ್ಟರ್‌ನಲ್ಲಿ ಪೀಸ್ ನಂಬರ್, ಸೈಜು, ಸಹಿ, ಇಷ್ಟೇ ಇತ್ತು.

ಆಮೇಲೆ ನನ್ನದೇ ಒಂದು ಉದ್ದ ನೋಟ್‌ಬುಕ್ ಇಟ್ಟೆ. ಸೈಜಿನ ಜೊತೆ ಹೊತ್ತು ಬರೆದೆ, ಕಂಡದ್ದನ್ನು ಒಂದು ಸಾಲು ಬರೆದೆ. 'ಸೋಮವಾರ, 6.40, ಇನ್‌ಸರ್ಟ್ ಹೊಸದು, ಶೆಡ್ಡಿನಲ್ಲಿ ಚಳಿ.' ಇಂಥವೇ. ಆರು ವಾರ ಆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಕೂತು ಪೂರ್ತಿ ಓದಿದೆ. ಹೆಚ್ಚುಕಮ್ಮಿ ಎಲ್ಲಾ ರಿಜೆಕ್ಷನ್ನೂ ಏಳೂವರೆಗೆ ಮುಂಚೆ. ಸೋಮವಾರ ಇನ್ನೂ ಜಾಸ್ತಿ. ಭಾನುವಾರ ರಜೆ, ಮಷೀನ್ ಪೂರ್ತಿ ತಣ್ಣಗಾಗಿರುತ್ತದೆ. ಆಫ್‌ಸೆಟ್, ಅಂದರೆ ಟೂಲ್ ಎಲ್ಲಿರಬೇಕು ಅಂತ ಮಷೀನ್‌ಗೆ ಕೊಡುವ ಅಳತೆ, ಕೊಟ್ಟಿರುವುದು ಹಿಂದಿನ ಶಿಫ್ಟಿನ ಬಿಸಿ ಮಷೀನ್ ಮೇಲೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಮಷೀನಿನ ಭಾಗ ಸರಿಸುವ ಅರ್ಧ ಮೀಟರಿನ ಬಾಲ್ ಸ್ಕ್ರೂ ಐದು ಡಿಗ್ರಿ ಬಿಸಿಯಾದರೆ 30 ಮೈಕ್ರಾನ್. ನಮಗೆ ಇದ್ದದ್ದೇ 25.

ಬೆಳಿಗ್ಗೆ ಜಾಬ್ ಹಾಕದೆ 20 ನಿಮಿಷ ಮಷೀನ್ ಓಡಿಸಿ, ಮೊದಲ ಪೀಸು ನೋಡಿ ಆಫ್‌ಸೆಟ್ ತಿದ್ದಿ ಶುರು ಮಾಡುವುದು ಅಂತಾಯಿತು. ರಿಜೆಕ್ಷನ್ ಹೆಚ್ಚುಕಮ್ಮಿ ನಿಂತೇಹೋಯಿತು. ಆ ಆಪರೇಟರ್ ಹತ್ತಿರ ಹೋಗಿ, 'ನೀವು ಹೇಳಿದ್ದೇ ಸರಿ' ಅಂದೆ. ಅವರು ಏನೂ ಹೇಳಲಿಲ್ಲ, ಚಹಾ ತರಿಸಿದರು. ಇವತ್ತಿಗೂ ಅದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಅವರ ಮಾತನ್ನು ಮೊದಲ ದಿನವೇ ಒಂದು ಸಾಲು ಬರೆದುಕೊಂಡಿದ್ದರೆ ಅಷ್ಟು ತಿಂಗಳು ಆ ಮನುಷ್ಯ ಬೈಸಿಕೊಳ್ಳಬೇಕಾಗಿರಲಿಲ್ಲ.

ಕೈಕೆಲಸದವರಿಗೆ ಬರೆಯೋದು ಯಾಕೆ ಅಂದಿರಲ್ಲ, ಇದಕ್ಕೇ. ನಿಮ್ಮ ಕೈಗೆ, ಕಿವಿಗೆ ಗೊತ್ತಿರುವುದು ಯಾವ ಕಾಲೇಜಿನಲ್ಲೂ ಇಲ್ಲ. ಟೂಲ್ ಸವೆದಾಗ ಸದ್ದು ಬದಲಾಗುವುದು ನಿಮಗೆ ಕೇಳಿಸುತ್ತದೆ, ಮಾಲೀಕರಿಗೆ ಕೇಳಿಸುವುದಿಲ್ಲ. ಬರೆಯದಿದ್ದರೆ ಅದು ನಿಮ್ಮ ಕಿವಿಯಲ್ಲೇ ಉಳಿಯುತ್ತದೆ, ಅವರ ಲೆಕ್ಕಕ್ಕೆ ಬರುವುದು 18 ವರ್ಷದ ಹಾಜರಿ ಮಾತ್ರ.

ಡಿಗ್ರಿ ಇಲ್ಲ ಅನ್ನುವ ಕೊರಗು ನಿಮ್ಮ ಪತ್ರದಲ್ಲಿ ಕಾಣುತ್ತದೆ. ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಹುಡುಗ, ಶಾಲೆ ಓದಿದ್ದು ಬಹಳ ಕಮ್ಮಿ. 1812ರಲ್ಲಿ ಹಂಫ್ರಿ ಡೇವಿ ಎಂಬ ದೊಡ್ಡ ವಿಜ್ಞಾನಿಯ ಉಪನ್ಯಾಸ ಕೇಳಲು ಹೋದರು. ಕೇಳಿದ್ದನ್ನೆಲ್ಲಾ ಬರೆದುಕೊಂಡರು, ಮನೆಗೆ ಬಂದು ಚಿತ್ರ ಸಮೇತ ಸುಮಾರು 300 ಪುಟ ನೀಟಾಗಿ ತಿದ್ದಿ ಬರೆದರು, ತಾವೇ ರಟ್ಟು ಕಟ್ಟಿ ಡೇವಿಗೆ ಕಳಿಸಿದರು. 1813ರ ಮಾರ್ಚ್‌ನಲ್ಲಿ ಅದೇ ಡೇವಿಯ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಮುಂದೆ ಮೋಟಾರ್‌ಗೂ ಜನರೇಟರ್‌ಗೂ ದಾರಿ ಮಾಡಿದವರು ಅವರೇ. ಅವರ ಪ್ರಯೋಗದ ದಿನಚರಿಯಲ್ಲಿ ಪ್ರತಿ ಪ್ಯಾರಾಕ್ಕೂ ನಂಬರ್ ಹಾಕುತ್ತಾ ಹೋಗಿದ್ದಾರೆ, ಆ ನಂಬರ್ 16,000 ದಾಟಿದೆ. ಗೆದ್ದ ಪ್ರಯೋಗವೂ ಸೋತ ಪ್ರಯೋಗವೂ ಎರಡೂ ಅದರಲ್ಲಿವೆ.

ನೀವು ಈಗ ಮಾಡಬೇಕಾದ್ದು ಇಷ್ಟು. ನಾಳೆಯಿಂದ ಎಂಟು ವಾರ, ಶಿಫ್ಟ್ ಬಿಡುವ ಮೊದಲು ಐದು ಸಾಲು. ಮಷೀನ್ ಯಾಕೆ ನಿಂತಿತು, ಎಷ್ಟು ಹೊತ್ತು, ನೀವು ಏನು ಮಾಡಿದಿರಿ, ಮತ್ತೆ ಬಂತಾ. ಎಂಟು ವಾರ ಆದ ಮೇಲೆ ಅದರಿಂದ ಒಂದೇ ಒಂದು ಪುಟ ಮಾಡಿ. ಜಾಸ್ತಿ ಹೊತ್ತು ತಿಂದ ಮೂರು ಕಾರಣ, ಅದಕ್ಕೆ ನಿಮ್ಮ ಸಲಹೆ, ಎಷ್ಟು ಗಂಟೆ ಉಳಿಯುತ್ತದೆ ಅನ್ನುವ ಲೆಕ್ಕ. ಅದನ್ನು ಹಿಡಿದುಕೊಂಡು ಮಾಲೀಕರ ಹತ್ತಿರ ಹೋಗಿ, 'ಸರ್, ಆ ಜಾಗಕ್ಕೆ ನನ್ನನ್ನೂ ನೋಡಿ' ಅಂತ ಬಾಯಿಬಿಟ್ಟು ಕೇಳಿ. ಕೇಳದೆ ಇರಬೇಡಿ. ಜಾಗ ಸಿಕ್ಕೇ ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಇಲ್ಲಿ ಸಿಗದಿದ್ದರೆ ಆ ಪುಟ ಪೀಣ್ಯದ ಬೇರೆ ಯಾವ ಶೆಡ್ಡಿನಲ್ಲಾದರೂ ನಿಮ್ಮ ಪರವಾಗಿ ಮಾತಾಡುತ್ತದೆ.

ಪ್ರಶ್ನೆ: ಅಕ್ಕಾ, ಪ್ರತಿ ವರ್ಷ ಜನವರಿ 1ಕ್ಕೆ ಡೈರಿ ಶುರು ಮಾಡುತ್ತೇನೆ, ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಅದೂ ಮುಗಿಯುತ್ತದೆ. 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರೆ, ನಾನು ಒಂದು ಸಲವೂ ಅಲ್ಲಿವರೆಗೆ ಹೋಗಿಲ್ಲ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ದಿನಾ ಮೆಟ್ರೋದಲ್ಲಿ ಓಡಾಡುತ್ತೇನೆ, ಮನೆಗೆ ಬಂದರೆ ಸುಸ್ತು. ನನ್ನಂಥವರಿಗೆ ಇದು ಆಗುತ್ತಾ?

ಉತ್ತರ: ಆಗುತ್ತೆ ತಮ್ಮಾ. ಮೊದಲು ಆ 21 ದಿನದ ಮಾತನ್ನು ಬಿಟ್ಟುಬಿಡು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಒಂದು ಹೊಸ ಅಭ್ಯಾಸ ತಾನಾಗೇ ನಡೆಯುವ ಹಂತಕ್ಕೆ ಬರಲು ಅಲ್ಲಿ ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅನ್ನುವ ಅಂದಾಜು ಬಂತು. ನಿನಗೆ ಮುಖ್ಯವಾದದ್ದು ಅದರಲ್ಲೇ ಇರುವ ಇನ್ನೊಂದು ಮಾತು. ಮಧ್ಯದಲ್ಲಿ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ. ನೀನು ಪ್ರತಿ ವರ್ಷ ಒಂದು ದಿನ ತಪ್ಪಿದ ಕೂಡಲೇ ಇನ್ನೇನು ಮುಗೀತು ಅಂತ ಡೈರಿ ಮುಚ್ಚಿಟ್ಟಿದ್ದೀಯ ಅಂತ ನನ್ನ ಊಹೆ.

ಮನೆಗೆ ಬಂದ ಮೇಲೆ ಬರೆಯುವ ಯೋಚನೆ ಬೇಡ. ಸಂಜೆ ನೀನು ಹತ್ತುವುದು ಕಾಡುಗೋಡಿಯಲ್ಲಿ ಅಲ್ವಾ, ಅದು ಲೈನಿನ ಕೊನೆ, ಒಂದು ರೈಲು ಬಿಟ್ಟು ಇನ್ನೊಂದಕ್ಕೆ ಕಾದರೆ ಸೀಟು ಸಿಗುತ್ತದೆ. ಕೂತ ಕೂಡಲೇ ಬರೆ. ಫೋನಿನಲ್ಲಾದರೂ ಸರಿ, ಕೈಬರಹ ಆದರೂ ಸರಿ. ಬೈಯಪ್ಪನಹಳ್ಳಿ ಬಂದಾಗ ನಿಲ್ಲಿಸು. ಐದು ಸಾಲು ಆಗಿದ್ದರೂ ನಿಲ್ಲಿಸು, ಅರ್ಧ ವಾಕ್ಯ ಆಗಿದ್ದರೂ ನಿಲ್ಲಿಸು. ನಾಳೆ ಅಲ್ಲಿಂದಲೇ ಶುರು ಮಾಡಬಹುದು. ದಿನಾಂಕ ಅಚ್ಚು ಹಾಕಿದ ದುಬಾರಿ ಡೈರಿ ತರಬೇಡ, ಖಾಲಿ ಬಿಟ್ಟ ಪುಟಗಳು ಸುಮ್ನೆ ಮನಸ್ಸನ್ನು ಚುಚ್ಚುತ್ತವೆ. ಅವೆನ್ಯೂ ರೋಡಿನಲ್ಲಿ ಸಿಗುವ ಸಾದಾ ಗೆರೆ ಪುಸ್ತಕ ಸಾಕು, ಬರೆದ ದಿನ ನೀನೇ ದಿನಾಂಕ ಹಾಕಿಕೋ. ಜನವರಿವರೆಗೂ ಕಾಯಬೇಡ.

ಪ್ರಶ್ನೆ: ನಾನು ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಡ್ಯೂಟಿ ಮುಗಿಸಿ ಮಲಗಿದರೂ ತಲೆ ಓಡುತ್ತಲೇ ಇರುತ್ತದೆ. ಆ ಬೆಡ್ಡಿನವರಿಗೆ ಇದು ಹೇಳಿದೆನಾ, ನಾಳೆ ಅದು ತರಿಸಬೇಕಿತ್ತಲ್ಲಾ ಅಂತ. ಬರೆದರೆ ಇನ್ನೂ ಅದೇ ಯೋಚನೆ ಜಾಸ್ತಿ ಆಗಲ್ವಾ?

ಉತ್ತರ: ಕಮ್ಮಿ ಆಗುತ್ತದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ನಡೆಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಮಲಗುವ ಮೊದಲು ಐದು ನಿಮಿಷ ಅರ್ಧ ಜನ ಮುಂದೆ ಮಾಡಬೇಕಾದ ಕೆಲಸ ಬರೆದರು, ಉಳಿದರ್ಧ ಜನ ಆಗಲೇ ಮುಗಿಸಿದ ಕೆಲಸ ಬರೆದರು. ಮಾಡಬೇಕಾದ್ದನ್ನು ಬರೆದವರು ಸರಾಸರಿ 9 ನಿಮಿಷ ಬೇಗ ನಿದ್ದೆ ಹೋದರು. ಎಷ್ಟು ಬಿಡಿಬಿಡಿಯಾಗಿ ಬರೆದರೋ ಅಷ್ಟು ಬೇಗ ನಿದ್ದೆ ಬಂತು. 'ನಾಳೆ ತುಂಬಾ ಕೆಲಸ ಇದೆ' ಅಂದರೆ ಸಾಲದು. 'ಎಂಟಕ್ಕೆ ಹೋದ ಕೂಡಲೇ ಫಾರ್ಮಸಿಗೆ ಫೋನ್' ಅಂತ ಬರೆಯಿರಿ.

ಒಂದೇ ಎಚ್ಚರಿಕೆ. ರೋಗಿಯ ಹೆಸರು, ಕಾಯಿಲೆ, ಬೆಡ್ ನಂಬರ್ ನಿಮ್ಮ ಸ್ವಂತ ಪುಸ್ತಕಕ್ಕೆ ಬರಲೇಬಾರದು, ಅದರ ಜಾಗ ಆಸ್ಪತ್ರೆಯ ಕೇಸ್ ಶೀಟ್. ಇನ್ನೊಂದು, ಏನಾದರೂ ನಿಜಕ್ಕೂ ಹೇಳಲು ಮರೆತಿದ್ದರೆ ಅದನ್ನು ಬರೆದು ಮಲಗುವುದಲ್ಲ, ಆ ಹೊತ್ತಿಗೇ ವಾರ್ಡಿಗೆ ಫೋನ್ ಮಾಡಿ.

ಪ್ರಶ್ನೆ: ಈಗೆಲ್ಲಾ ಎಐ ಬರೆದುಕೊಡುತ್ತದೆ. ಮೇಲ್, ರಿಪೋರ್ಟ್, ಪ್ರಪೋಸಲ್ ಎಲ್ಲಾ ಎರಡು ನಿಮಿಷದಲ್ಲಿ ಆಗುತ್ತದೆ, ನಾನು ಬರೆಯುವುದಕ್ಕಿಂತ ಚೆನ್ನಾಗೇ ಇರುತ್ತದೆ. ಹೀಗಿರುವಾಗ ದಿನಾ ಕೂತು ಬರೆಯೋದು ಹಳೇ ಕಾಲದ ಮಾತು ಅಂತ ಅನ್ನಿಸಲ್ವಾ ಮೇಡಂ? ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮಾರ್ಕೆಟಿಂಗ್ ಕೆಲಸದಲ್ಲಿದ್ದೇನೆ.

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಮೇಲ್ ತಿದ್ದಿಸಿಕೊಳ್ಳಿ, ಸ್ಪೆಲ್ಲಿಂಗ್ ನೋಡಿಸಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ, ಕ್ಲೈಂಟಿನ ಗುಟ್ಟಿನ ವಿವರ ಮಾತ್ರ ಅದಕ್ಕೆ ಹಾಕಬೇಡಿ. ಆದರೆ ನಾನು ಹೇಳುತ್ತಿರುವ ಬರವಣಿಗೆ ಯಾರಿಗೋ ಕಳಿಸುವುದಕ್ಕೆ ಇರುವಂಥದ್ದಲ್ಲ. ಅದು ಯೋಚನೆ ಮಾಡುವ ಒಂದು ವಿಧಾನ. ಲಾಲ್‌ಬಾಗಿನಲ್ಲಿ ನಿಮ್ಮ ಬದಲು ಬೇರೆ ಯಾರೋ ನಡೆದರೆ ನಿಮ್ಮ ಕಾಲು ಗಟ್ಟಿಯಾಗುತ್ತಾ?

ಇದನ್ನು ಮಾಡಿ ನೋಡಿ. ಮುಂದಿನ ಪ್ರಪೋಸಲ್ ಬಂದಾಗ ಮೊದಲು ಕೈಯಲ್ಲಿ ಅರ್ಧ ಪುಟ ಬರೆಯಿರಿ. ಈ ಕ್ಲೈಂಟಿಗೆ ಏನು ನೋವಿದೆ, ನಾವು ಹೇಳುತ್ತಿರುವುದು ಅದಕ್ಕೆ ಮದ್ದು ಹೇಗೆ, ಇದು ಕೆಲಸ ಮಾಡದೆ ಹೋದರೆ ಯಾಕೆ ಹೋಗಬಹುದು. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಚಾರ್ಲ್ಸ್ ಡಾರ್ವಿನ್ ಒಂದು ನಿಯಮ ಇಟ್ಟುಕೊಂಡಿದ್ದರು. ತಮ್ಮ ಅಭಿಪ್ರಾಯಕ್ಕೆ ಎದುರಾಗಿರುವ ಯಾವುದೇ ಸಂಗತಿ ಕಣ್ಣಿಗೆ ಬಿದ್ದರೆ ಕೂಡಲೇ ಬರೆದಿಟ್ಟುಕೊಳ್ಳುತ್ತಿದ್ದರು, ಯಾಕೆಂದರೆ ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವರಿಗೆ ಅನುಭವದಿಂದ ಗೊತ್ತಾಗಿತ್ತು. ಹೋದ ಸಲದ ಕ್ಯಾಂಪೇನ್ ಯಾಕೆ ಬಿದ್ದಿತು ಅಂತ ನಿಮಗೆ ಈಗ ನೆನಪಿದೆಯಾ? ಗೆದ್ದದ್ದು ನೆನಪಿರುತ್ತದೆ.

ಆ ಅರ್ಧ ಪುಟ ಆದ ಮೇಲೆ ಯಂತ್ರದ ಸಹಾಯ ತೆಗೆದುಕೊಳ್ಳಿ. ಆಗ ಅದು ಕೊಟ್ಟದ್ದರಲ್ಲಿ ಯಾವುದು ಸರಿ, ಯಾವುದು ಬರೀ ನುಣುಪು ಅಂತ ನಿಮಗೆ ಕಾಣುತ್ತದೆ. ಮೊದಲೇ ಅದನ್ನು ಕೇಳಿದರೆ ನುಣುಪಾಗಿದೆ ಅಂತಲೇ ಒಪ್ಪಿಕೊಂಡುಬಿಡುತ್ತೀರಿ, ಕ್ಲೈಂಟ್ ಎದುರಿಗೆ ಕೂತು 'ಇದು ಯಾಕೆ ಹೀಗೆ' ಅಂದಾಗ ಉತ್ತರ ಇರುವುದಿಲ್ಲ.

ಪ್ರಶ್ನೆ: ಬಾಸ್ ಮೇಲಿನ ಸಿಟ್ಟೇ ಎಲ್ಲಾ ಪುಟದಲ್ಲೂ ಬರುತ್ತದೆ. ಮನೆಯಲ್ಲಿ ಯಾರಾದರೂ ಓದಿಬಿಟ್ಟರೆ ಅಂತ ಭಯ. ಏನು ಮಾಡಲಿ?

ಉತ್ತರ: ಸಿಟ್ಟಿಗೆ ಬೇರೆ ಹಾಳೆ ಇಡಿ. ಬರೆದು, ಒಂದು ಸಲ ಓದಿ, ಹರಿದು ಹಾಕಿ. ಜೇಮ್ಸ್ ಪೆನ್ನೆಬೇಕರ್ ಎಂಬ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಮನಸ್ಸಿಗೆ ಪೆಟ್ಟು ಕೊಟ್ಟ ಸಂಗತಿ ಬರೆದರು. ಬರೆದ ಕೂಡಲೇ ಬೇಜಾರು ಜಾಸ್ತಿಯೇ ಆಯಿತು. ಆದರೆ ಏನಾಯಿತು, ಹೇಗನ್ನಿಸಿತು ಅಂತ ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಮ್ಮಿ. ನಿಮ್ಮ ಪತ್ರ ಎರಡೇ ಸಾಲು ಇದೆ, ಆದರೂ ಕೇಳುತ್ತೇನೆ. ಆ ಕೆಲಸದಲ್ಲಿ ನಿಮಗೆ ದಿನಾ ಅವಮಾನ ಆಗುತ್ತಿದ್ದರೆ ಬರೀ ಬರೆದು ಕೂರಬೇಡಿ. ದಿನಾಂಕ ಹಾಕಿ, ಯಾರು ಏನಂದರು ಅಂತ ಇದ್ದದ್ದು ಇದ್ದ ಹಾಗೆ ಒಂದು ಕಡೆ ಬರೆದಿಡಿ. ಇದನ್ನು ಹರಿಯಬೇಡಿ. ಮುಂದೆ ಎಚ್‌ಆರ್ ಹತ್ತಿರ ಹೋಗಬೇಕಾದರೆ ಅದೇ ನಿಮ್ಮ ಕೈಗೆ ಬರುವುದು.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ಬಸವನಗುಡಿಯಲ್ಲಿ ವಾಸ. ಬ್ಯಾಂಕಿನಲ್ಲಿ 35 ವರ್ಷ ಸೇವೆ, ಸಾಲದ ವಿಭಾಗದಲ್ಲೇ ಹೆಚ್ಚು. ಬರುವ ಮೇ ತಿಂಗಳಿಗೆ ನಿವೃತ್ತಿ. ಹುಡುಗರು ಬಂದು 'ಸರ್, ನೀವು ಹೋದರೆ ಯಾರನ್ನು ಕೇಳೋದು' ಅನ್ನುತ್ತಾರೆ. ಬರೆದಿಡೋಣ ಅಂತ ಕೂತರೆ 35 ವರ್ಷದ್ದನ್ನು ಎಲ್ಲಿಂದ ಶುರು ಮಾಡೋದು ತಿಳಿಯುವುದಿಲ್ಲ. ಈ ವಯಸ್ಸಿನಲ್ಲಿ ಹೊಸ ಅಭ್ಯಾಸ ಬರುತ್ತದಾ?

ಉತ್ತರ: ಸರ್, ನಿಮ್ಮ ಪತ್ರದ ಅಕ್ಷರ ನೋಡಿದರೇ ಗೊತ್ತಾಗುತ್ತದೆ, ನಿಮಗೆ ಬರೆಯುವ ಅಭ್ಯಾಸ ಹೊಸದಲ್ಲ. ಸಾಲದ ಫೈಲಿನಲ್ಲಿ ನೋಟ್ ಹಾಕಿ ಹಾಕಿ ಪಳಗಿದ ಕೈ ಅದು. ನಿಮ್ಮ ಪಕ್ಕದ ಗವಿಪುರದಲ್ಲೇ ಇದ್ದ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ತಿರುಗುತ್ತಲೇ ಬರೆದವರು, 1944ರ ಹೊತ್ತಿಗೆ ನಿವೃತ್ತರಾದ ಮೇಲೂ ದಶಕಗಟ್ಟಲೆ ಬರೆದರು. ವಯಸ್ಸಿನ ಮಾತು ಬಿಡೋಣ.

35 ವರ್ಷವನ್ನು ಬರೆಯಲು ಹೋಗಬೇಡಿ. ನಿಯಮಗಳನ್ನೂ ಬರೆಯಬೇಡಿ, ಅವು ಸರ್ಕ್ಯುಲರ್‌ನಲ್ಲಿ ಇವೆ, ವರ್ಷವರ್ಷಕ್ಕೂ ಬದಲಾಗುತ್ತವೆ. ಆ ಹುಡುಗರು ನಿಮ್ಮ ಟೇಬಲ್ ಹತ್ತಿರ ಬರುವುದು ಸರ್ಕ್ಯುಲರ್ ಕೇಳಲು ಅಲ್ಲ. ಕಾಗದ ಪತ್ರ ಎಲ್ಲಾ ಸರಿ ಇದೆ, ಆದರೂ ಈ ಸಾಲ ಕೊಡಬಹುದಾ ಅಂತ ಕೇಳಲು ಬರುತ್ತಾರೆ. ನೀವು ಫೈಲ್ ತಿರುಗಿಸಿ, ಒಂದು ನಿಮಿಷ ಸುಮ್ಮನಿದ್ದು, 'ಅಂಗಡಿಗೆ ಒಂದು ಸಲ ಹೋಗಿ ಬಾ, ಸಂಜೆ ಹೊತ್ತು ಹೋಗು' ಅನ್ನುತ್ತೀರಿ. ಆ ಒಂದು ನಿಮಿಷದಲ್ಲಿ ಏನು ನೋಡಿದಿರಿ? ಸಂಜೆಯೇ ಯಾಕೆ? ಅದನ್ನು ಬರೆಯಿರಿ. ಅದು ನಿಮಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ, ಬರೆಯುತ್ತಾ ಹೋದಾಗ ಹೊರಗೆ ಬರುತ್ತದೆ.

ಈಗಿನಿಂದ ಮೇ ತನಕ ಯಾರಾದರೂ ಹುಡುಗರು ಬಂದು ಕೇಳಿದ ದಿನ, ಅವರು ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ, ಅದರ ಹಿಂದಿನ ಕಾರಣ, ಇಷ್ಟನ್ನು ಅದೇ ದಿನ ಸಂಜೆ ಬರೆದಿಡಿ. ಗಿರಾಕಿಯ ಗುರುತು ಸಿಗುವ ಯಾವುದೂ ಬೇಡ. ನಡುನಡುವೆ ಹಳೆಯ ಕೇಸುಗಳು ತಾವಾಗಿ ನೆನಪಿಗೆ ಬರುತ್ತವೆ. ಅವುಗಳಲ್ಲಿ ನೀವು ಕೊಡಬಾರದಾಗಿದ್ದ ಸಾಲ, ಕೊಡಬೇಕಾಗಿದ್ದೂ ಕೊಡದೆ ಹೋದ ಸಾಲ, ಈ ಎರಡನ್ನು ಮುಚ್ಚಿಡದೆ ಬರೆಯಿರಿ ಅಂತ ನನ್ನ ವಿಶೇಷ ಕೋರಿಕೆ. ಹುಡುಗರು ಅದನ್ನೇ ಮತ್ತೆ ಮತ್ತೆ ಓದುತ್ತಾರೆ. ಒಂದು ಹತ್ತು ಪುಟ ಆದಾಗ ಅವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಓದಲು ಕೊಡಿ, ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಪೆನ್ಸಿಲಿನಲ್ಲಿ ಗೀಟು ಎಳೆಯಲು ಹೇಳಿ. ಗೀಟು ಬಿದ್ದ ಜಾಗದಿಂದ ಮುಂದಿನ ವಾರದ ಬರವಣಿಗೆ ಶುರು ಮಾಡಿ.